ಆಯಿಯ ತವರು ಸಿಕ್ಕಿತು

“ಗಂಗವ್ವ ಅನ್ನಾಕಿ ನಮ್ಮ ಮನಿಯಾಗ ಹುಟ್ಟೇ ಇಲ್ರಿ!” ಎಂದು ರಾಜೂರಿನ ಆ ಹಿರಿಯ ಹೆಣ್ಣುಮಗಳು ಬಾಗಿಲು ಹಾಕತೊಡಗಿದಳು. ತವರಿನಲ್ಲಿ ಯಾರೂ ಉಳಿಯದ ನಾನು, ಮೊಮ್ಮಗಳನ್ನು ಕರೆದುಕೊಂಡು ನಮ್ಮ ಆಯಿ ಗಂಗವ್ವನ, ಅಂದರೆ ಅಪ್ಪನ ತಾಯಿಯ, ತವರು ಹುಡುಕಿ ಬಂದಿದ್ದೆ. ಆಯಿ ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಹೊಳೆಆಲೂರಿಗೆ ಸೊಸೆಯಾಗಿ ಬಂದವಳು. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಡುತ್ತಿದ್ದುದು ಥಟ್ಟನೆ ನೆನಪಾಯಿತು. “ಬಿಳಿ ಸಾಹೇಬನ ಕುದುರಿಗೆ ಕಸಬರಗಿಲೆ ಹೊಡದಾಕಿ, ಆಕಿರಿ ನಮ್ಮ ಆಯಿ!” ಎಂದು ಕೂಗಿದೆ.

“ಅಯ್ಯ, ನಮ್ಮ ಈರವ್ವ ಅತ್ತಿ! ಕುದುರಿಗಲ್ಲಬೇ ಯವ್ವಾ, ಸಾಹೇಬಗ ಹೊಡದಿದ್ಲು! ಅದಕ್ಕ ಲಗೂನ ಲಗ್ನಾ ಮಾಡಿ ಊರು ದಾಟಿಸಿದ್ರು!” ಎಂದವಳೇ ನನ್ನನ್ನು ತಬ್ಬಿಕೊಂಡು, ಒಳಗೆ ಕರೆದು ಉಡಿ ತುಂಬಿದಳು.

ಗಂಡನ ಮೇಲೆ ಸಿಟ್ಟಾಗಿ ಹೋಗಲು ನನಗೂ ಈಗ ಒಂದು ಮನೆಯಿದೆ. ಖುಷಿ ತಡೆಯಲಾಗದೆ ಮೊನ್ನೆಯೇ ಒಂದು ಜಗಳ ತೆಗೆದೆ.