ಇರುವೆ ಹೇಳದ ಮಳೆ

ಆಗ ಚಾಮರಾಜಪೇಟೆ ಕಡೆ ರೇಡಿಯೋ ಇದ್ದ ಮನೆ ಕಮ್ಮಿ, ಸೊಪ್ಪಿನ ತೋಟ ಜಾಸ್ತಿ. ಕೆರೆ ಏರಿ ಕೆಳಗೆ ನಮ್ಮದೂ ಒಂದಿತ್ತು. ಪಕ್ಕದಲ್ಲೇ ಕೋಡಿ ನೀರಿನ ಕಾಲುವೆ. ಅದರ ದಡದಲ್ಲಿ ಕುಂಟೆಬಿಲ್ಲೆ ಆಡ್ತಿದ್ದೆ, ಹಸಿವಾದರೆ ತಂಗಳು ಮುದ್ದೆ. ಕೈ ಎಷ್ಟು ತೊಳೆದರೂ ಸಬ್ಬಸಿಗೆ ವಾಸನೆ.

ಮಳೆ ಬರುತ್ತೆ ಅಂತ ಗೊತ್ತಾದರೆ ನಾವು ಎಳೇದು ಬಲಿತದ್ದು ನೋಡದೆ ಸೊಪ್ಪು ಕಿತ್ತುಬಿಡೋರು. ನೆಂದ ಕೊತ್ತಂಬರಿ ಒಂದೇ ದಿನಕ್ಕೆ ಕೊಳೆಯುತ್ತೆ. ಬರುತ್ತೋ ಇಲ್ಲವೋ ಹೇಳೋದು ಅಪ್ಪನ ಅಮ್ಮ, ನಮ್ಮಜ್ಜಿ. ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತಿದರೆ ಮಳೆ. ಬೇಸಿಗೆಯ ಗುಡುಗು ಮಳೆ ಅವಳಿಗೆ ಯಾವತ್ತೂ ತಪ್ಪಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದಿತ್ತು, ಕೆರೆ ತುಂಬಿತ್ತು. ಅಮ್ಮ ಬಸವನಗುಡಿಯ ಮೇಷ್ಟ್ರ ಮನೆಗೆ ಸೊಪ್ಪು ಹಾಕಿ ಓಡಿ ಬಂದಳು.

"ಅತ್ತೆ, ರೇಡಿಯೋದಲ್ಲಿ ಹೇಳಿದ್ರು. ಮದ್ರಾಸ್ ಕಡೆ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆಯಂತೆ. ನಾಳೆ ಇಲ್ಲೂ ಹುಯ್ಯುತ್ತಂತೆ. ಈಗ್ಲೇ ಕಿತ್ಬಿಡೋಣ."

ಅಜ್ಜಿ ಗೋಡೆ ನೋಡಿದಳು. ಬರೀ ಗೋಡೆ.

"ಇರುವೆ ಎಲ್ಲೇ? ಮದ್ರಾಸಲ್ಲಿ ಯಾರೋ ಸೀನಿದ್ರೆ ನೀನ್ಯಾಕೆ ಮೂಗು ಒರೆಸ್ಕೊತೀಯ? ಎಳೇ ಸೊಪ್ಪು, ಮುಟ್ಬೇಡ."

ಅಪ್ಪ ನಕ್ಕ. ನಾನೂ ನಕ್ಕೆ. ಅಮ್ಮ ಮಂಕರಿ ಕೆಳಗಿಟ್ಟಳು.

ಮಾರನೆ ದಿನ ಗುಡುಗಿಲ್ಲ, ಮಿಂಚಿಲ್ಲ. ಬೆಳಗ್ಗೆ ತುಂತುರು, ಮಧ್ಯಾಹ್ನಕ್ಕೆ ಕೊಡದಲ್ಲಿ ಸುರಿದ ಹಾಗೆ. "ಅಯ್ಯೋ ಸೊಪ್ಪು" ಅಂತ ಅಜ್ಜಿ ಬಾಯಿ ಬಡ್ಕೊಂಡಳು. ಅಮ್ಮ ಗೋಣಿಚೀಲ ತಲೆಗೆ ಹಾಕಿಕೊಂಡು ತೋಟಕ್ಕಿಳಿದಳು. ಒಂದು ಮಂಕರಿ ತಂದಿಟ್ಟು ಇನ್ನೊಂದಕ್ಕೆ ಹೋದಳು. ಅಷ್ಟರಲ್ಲಿ ಕೆರೆ ಕೋಡಿ ಬಿತ್ತು. ಕಾಲುವೆ ದಡ ಕಿತ್ತುಕೊಂಡು ತೋಟದ ಮೇಲೇ ನುಗ್ಗಿತು.

ಅಮ್ಮ ಸಿಕ್ಕಿದ್ದು ಕೆಳಗಿನ ಮೋರಿಯಲ್ಲಿ. ಸೊಂಟಕ್ಕೆ ಸಿಗಿಸಿದ್ದ ಕುಡುಗೋಲು ಹಾಗೇ ಇತ್ತು.

ಆಮೇಲೆ ಅಜ್ಜಿ ಇರುವೆ ಕಂಡರೆ ಹೆಬ್ಬೆರಳಲ್ಲಿ ಹೊಸಕೋಳು. ಇರುವೆ ಏನು ಮಾಡುತ್ತೆ? ಅದಕ್ಕೆ ಸಮುದ್ರ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿದರು, ನಾವು ನಕ್ಕೆವು.

ಈಗ ಕೆರೆಗೆ ಬೇಲಿ, ಕಾಲುವೆಗೆ ಕಾಂಕ್ರೀಟು. ತೋಟ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟು, ಅದರಲ್ಲೇ ನಾವಿರೋದು. ಸಬ್ಬಸಿಗೆ ಪ್ಲಾಸ್ಟಿಕ್ ಕವರಲ್ಲಿ ಬರುತ್ತೆ, ವಾಸನೆ ಇಲ್ಲ. ಅಮ್ಮನ ಮುಖ ನೆನಪಿಗೆ ಬರಲ್ಲ, ಕುಡುಗೋಲು ಬರುತ್ತೆ.

ಇವತ್ತು ಬೆಳಗ್ಗೆ ಮೊಮ್ಮಗಳ ಫೋನು ಕೂಗ್ತು, ಅವಳು ನೋಡಿ ಹೇಳಿದಳು. "ಅಜ್ಜಿ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವಂತೆ. ಸಂಜೆ ಇಲ್ಲೂ ಭಾರಿ ಮಳೆ."

ಕಾರು ನಿಲ್ಲಿಸೋ ನೆಲಮಾಳಿಗೆಯಲ್ಲಿ ವಾಚ್‌ಮನ್ ಹೆಂಡತಿ ಕೂಸಿಟ್ಟುಕೊಂಡು ಸಂಸಾರ ಮಾಡ್ತಾಳೆ. ಇಳಿದು ಹೋಗಿ ಹೇಳಿದೆ, ಮೇಲೆ ಬಾ ಅಂದೆ.

"ಬಿಸಿಲು ಹೊಡೀತಿದೆಯಲ್ಲಜ್ಜಿ! ಆ ಫೋನು ದಿನಾ ಬಡ್ಕೊಳ್ಳುತ್ತೆ," ಅಂತ ನಕ್ಕಳು.

ಆ ನಗು ನನಗೆ ಗೊತ್ತು. ಒಲೆ ಮೇಲಿದ್ದ ಅವಳ ಅನ್ನದ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಕೂಸು ಎತ್ಕೊಂಡು, ಬೈತಾ ಹಿಂದೇನೇ ಬಂದಳು.

ಬೈಲಿ.