ಮೂವತ್ತೊಂದರಿಂದ ಭಾಗವಾಗದ ಸಂಖ್ಯೆ

ನಮ್ಮ ಗಣಿತದ ಮೇಡಂ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಸಕ್ಕರೆ ಕಾಯಿಲೆಗೆ ಎಡಗಾಲಿನ ಎರಡು ಬೆರಳು ಹೋಗಿದ್ದವು. ಆ ಶೂವಿನ ತುದಿಗೆ ಹತ್ತಿ ತುರುಕಿರುತ್ತಿದ್ದರು. ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಬಂದು, ನಿಂತೇ ಪಾಠ ಮಾಡುವರು.

ಒಮ್ಮೆ ತೊಂಬತ್ತೊಂದು ಅವಿಭಾಜ್ಯ ಸಂಖ್ಯೆ ಎಂದುಬಿಟ್ಟೆ. ಹುಡುಗಿಯರು ನಕ್ಕರು. ಮೇಡಂ ನಗಲಿಲ್ಲ. ಕರೆದು, ಬೋರ್ಡಿನ ಮೇಲೆ ಏಳರಿಂದ ಭಾಗಿಸಲು ಹೇಳಿದರು. "ಸಂಖ್ಯೆ ಮುಖ ನೋಡಿ ನಂಬಬೇಡಮ್ಮ, ಭಾಗಿಸಿ ನೋಡು" ಎಂದರು.

ಅವರಿಗೆ ಪ್ರಿಯವಾದ ಸಂಖ್ಯೆಯೊಂದಿತ್ತು: 73939133. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಅದು ಭಾಗವಾಗದು. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಹೋದರೂ, ಕೊನೆಗೆ ಏಳು ಮಾತ್ರ ಉಳಿಯುವವರೆಗೆ, ಪ್ರತಿ ಸಲವೂ ಉಳಿದದ್ದು ಅವಿಭಾಜ್ಯವೇ. ಈ ಗುಣವಿರುವ ಸಂಖ್ಯೆಗಳಲ್ಲಿ ಇದೇ ದೊಡ್ಡದು. ಪುಸ್ತಕದಲ್ಲಿ ಓದಿದ್ದರೂ, ನಿವೃತ್ತಿಯಾದ ಮೇಲೆ ತಾವೇ ಪರೀಕ್ಷಿಸಲು ಕೂತರು. ಅದಕ್ಕೆ ಸಾವಿರಕ್ಕೂ ಹೆಚ್ಚು ಭಾಗಾಕಾರ ಬೇಕು. ಕ್ಯಾಲ್ಕುಲೇಟರ್ ಕೊಟ್ಟರೆ ಮುಟ್ಟುತ್ತಿರಲಿಲ್ಲ.

ಆಮೇಲೆ ಪಾದ ಹೋಯಿತು. ಕಳೆದ ವರ್ಷ ಕೋಲಾರದ ಆಸ್ಪತ್ರೆಯಲ್ಲಿ ಮಂಡಿಯವರೆಗೆ ತೆಗೆದರು. ನಾನು ಈಗ ಟೇಕಲ್‌ನಲ್ಲಿ ಗಣಿತ ಕಲಿಸುತ್ತೇನೆ. ಆ ವಾರದ ಶನಿವಾರ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ ನೋಡಲು ಹೋದೆ. ಹಳೆಯ ಲೆಕ್ಕವೆಲ್ಲ ಬಿಟ್ಟು ಮೊದಲಿನಿಂದ ಶುರುಮಾಡಿದ್ದಾರೆಂದು ಅವರ ತಂಗಿ ಹೇಳಿದರು. ಮೇಡಂಗೆ ಕಣ್ಣೂ ಮಂಜಾಗಿತ್ತು.

ಮೇಡಂ ನೋಟ್‌ಬುಕ್ ನನ್ನ ಕಡೆ ತಳ್ಳಿದರು. "ಮೂವತ್ತೊಂದರಿಂದ ಭಾಗ ಹೋಗ್ಬಿಡ್ತು ಕಣಮ್ಮ. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದ್ನಾ?" ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಕಾಲು ಹೋದಾಗಲೂ ಅತ್ತಿರಲಿಲ್ಲವಂತೆ.

ನೋಡಿದೆ. ಕೊನೆಯ ಸಾಲಿನಲ್ಲಿ ನೂರಮೂರರಿಂದ ತೊಂಬತ್ತಮೂರು ಕಳೆದು ಸೊನ್ನೆ ಬರೆದಿದ್ದರು. ಹತ್ತು ಉಳಿಯಬೇಕಿತ್ತು. ತಕ್ಷಣ ಕಂಡಿತು. ಆದರೆ ಅವರ ಕಳೆಯುವ ಲೆಕ್ಕ ತಪ್ಪಿದೆಯೆಂದು ಆ ಹಾಸಿಗೆಯ ಪಕ್ಕ ನಿಂತು ಹೇಗೆ ಹೇಳುವುದು? ಅಷ್ಟರಲ್ಲಿ ನರ್ಸ್ ಡ್ರೆಸ್ಸಿಂಗ್ ಬದಲಿಸಲು ಬಂದಳು. "ನಾಳೆ ಬಂದು ಇನ್ನೊಂದ್ಸಲ ಮಾಡಿ ನೋಡ್ತೀನಿ ಮೇಡಂ" ಎಂದು ಹೊರಟೆ.

ಭಾನುವಾರ ಬೆಳಿಗ್ಗೆ ಹೋಗುವಷ್ಟರಲ್ಲಿ ನಂಜು ಮೈಗೇರಿ ಪ್ರಾಣ ಹೋಗಿತ್ತು.

ಹನ್ನೊಂದನೆಯ ದಿನ ತಂಗಿಗೆ ಎಲ್ಲ ಹೇಳಿದೆ. ಮೇಡಂ ನೊಂದುಕೊಳ್ಳುತ್ತಾರೆಂದು ಸುಮ್ಮನಾದೆ ಎಂದೂ ಹೇಳಿದೆ.

"ಲೆಕ್ಕ ತಪ್ಪಿದೆ ಅಂದಿದ್ರೆ ಅಕ್ಕ ಏನೂ ಅನ್ಕೋತಿರಲಿಲ್ಲ," ಎಂದರು. "ಆ ಸಂಖ್ಯೆ ಸುಳ್ಳು ಅಂದ್ಕೊಂಡೇ ಹೋದಳಲ್ಲಮ್ಮ."