ಮಾತು ನಿಂತಿತು ಎನ್ನುವಾಕೆ

ಬೆಳಕು ಹರಿಯುವ ಮೊದಲೇ ಆಕೆ ಆಪರೇಷನ್ ಕೋಣೆಗೆ ಬಂದು ಮೇಜಿನ ಪಕ್ಕ ಒಂದು ಗಿಡ್ಡ ಸ್ಟೂಲು ಹಾಕಿಕೊಳ್ಳುತ್ತಾರೆ. ಕೂತು, ಇನ್ನೂ ಯಾರೂ ಮಲಗಿರದ ದಿಂಬಿನ ಕಡೆ ಬಗ್ಗಿ ನೋಡುತ್ತಾರೆ. ಎತ್ತರ ಸರಿ ಹೋಗಿಲ್ಲ. ಸ್ಟೂಲನ್ನು ತಿರುಗಿಸಿ ಇನ್ನಷ್ಟು ತಗ್ಗಿಸುತ್ತಾರೆ.

"ಮಲಗಿದವರ ಕಣ್ಣಿಗೆ ನನ್ನ ಕಣ್ಣು ನೇರ ಇರ್ಬೇಕು. ಮೇಲಿಂದ ನೋಡಿದ್ರೆ ಹೆದರ್ತಾರೆ. ಹೆದರಿದವರು ಮಾತಾಡಲ್ಲ. ಅವರು ಮಾತಾಡದಿದ್ರೆ ನಾನಿಲ್ಲಿ ಯಾಕೆ?"

ಆಸ್ಪತ್ರೆಯ ಹಾಜರಿಯಲ್ಲಿ ಅವರು ಬರೀ ಸಹಾಯಕಿ. ಉಳಿದವರಿಗೆಲ್ಲ, ದೊಡ್ಡ ಡಾಕ್ಟರಿಗೂ, ಮಾತಿನಕ್ಕ. ಗಡ್ಡೆ ಮಿದುಳಿನೊಳಗೆ ಮಾತಿನ ಜಾಗಕ್ಕೇ ಅಂಟಿಕೊಂಡಿದ್ದರೆ ರೋಗಿಯನ್ನು ಪೂರ್ತಿ ನಿದ್ದೆಗೆ ಹಾಕಿ ಕತ್ತರಿಸುವಂತಿಲ್ಲ. ತಲೆಬುರುಡೆ ತೆರೆಯುವವರೆಗೆ ಮಲಗಿಸಿ, ಆಮೇಲೆ ಎಬ್ಬಿಸುತ್ತಾರೆ. ಮಿದುಳನ್ನು ಮುಟ್ಟಿದರೂ ನೋವು ತಿಳಿಯುವುದಿಲ್ಲವಂತೆ. ಡಾಕ್ಟರು ಒಳಗೆ ಕೈಯಾಡಿಸುವಷ್ಟು ಹೊತ್ತೂ ರೋಗಿ ಮಾತಾಡುತ್ತಲೇ ಇರಬೇಕು. ಮಾತು ತೊದಲಿದರೆ, ನಿಂತರೆ, ಅಲ್ಲಿಗೆ ಕೈ ಹೋಗಬಾರದು ಎಂದರ್ಥ. ಡಾಕ್ಟರಿಗೆ ಕಾಣುವುದು ಮಿದುಳು ಮಾತ್ರ. ಮುಖ ಅಡ್ಡಬಟ್ಟೆಯ ಈಚೆಗಿರುತ್ತದೆ. ಆ ಮುಖದೆದುರು ಕೂತು ಮಾತಾಡಿಸುತ್ತ, ಮಾತು ನಿಂತ ಕ್ಷಣ "ನಿಂತಿತು" ಎನ್ನುವುದು ಅಕ್ಕನ ಕೆಲಸ.

ಮೊದಲು ಅವರು ಇದೇ ಕೋಣೆಯ ನೆಲ ಒರೆಸುತ್ತಿದ್ದರು. ಒಂದು ಸಲ ಎಚ್ಚರವಾದ ರೋಗಿಯೊಬ್ಬರು ಗಾಬರಿಯಿಂದ ನಡುಗತೊಡಗಿದಾಗ, ಬಕೆಟ್ಟು ಬದಿಗಿಟ್ಟು ಬಟ್ಟೆಯ ಕೆಳಗೆ ತಲೆ ತೂರಿಸಿ, "ಯಾಕಮ್ಮಾ, ಏನಾಯ್ತು, ನಾನಿದೀನಿ" ಅಂದರಂತೆ. ಡಾಕ್ಟರು ಅವರನ್ನು ಅಲ್ಲಿಂದ ಏಳಲು ಬಿಡಲಿಲ್ಲ. ಈಗ ಹನ್ನೊಂದು ವರ್ಷ. ತಿಂಗಳಿಗೆ ಮೂರೋ ನಾಲ್ಕೋ ಇಂಥ ಆಪರೇಷನ್. ಉಳಿದ ದಿನ ಇವತ್ತಿಗೂ ಟ್ರಾಲಿ ತಳ್ಳುತ್ತಾರೆ.

ಹಿಂದಿನ ದಿನವೇ ವಾರ್ಡಿಗೆ ಹೋಗಿ ರೋಗಿಯ ಜೊತೆ ಹರಟೆ ಹೊಡೆದು ಬರುವುದು ಅವರ ಪದ್ಧತಿ. ಯಾವ ವಿಷಯ ಎತ್ತಿದರೆ ಮಾತು ತಾನಾಗಿ ಹರಿಯುತ್ತದೆ ಎಂದು ಹುಡುಕುತ್ತಾರೆ. ಒಬ್ಬ ಅಡುಗೆಯವನಿಗೆ ಉಪ್ಪು ಜಾಸ್ತಿಯಾದ ಕತೆಗಳು. ಒಬ್ಬ ಅಜ್ಜಿಗೆ ಸೊಸೆ. "ಆ ಅಜ್ಜಿನ ನಿಲ್ಲಿಸೋದೇ ಕಷ್ಟ ಆಯ್ತು. ಹೊಲಿಗೆ ಹಾಕಿ ಮುಗಿದ್ರೂ ಸೊಸೆ ಮುಗೀಲಿಲ್ಲ." ಎತ್ತಬಾರದ ವಿಷಯ ಒಂದೇ: ಮಕ್ಕಳು. ಮಕ್ಕಳ ಹೆಸರು ಬಂದರೆ ರೋಗಿ ಮಾತು ಬಿಟ್ಟು ಯೋಚನೆಗೆ ಬೀಳುತ್ತಾರೆ.

"ಯೋಚನೆ ಮಾಡೋರೂ ಸುಮ್ಮನಿರ್ತಾರೆ. ಮಿದುಳು ಕೈಕೊಟ್ಟವರೂ ಸುಮ್ಮನಿರ್ತಾರೆ. ನೋಡೋಕೆ ಎರಡೂ ಒಂದೇ ಥರ. ನಂಗೆ ಭಯ ಆಗೋದು ಅಲ್ಲೇ."

ಈ ಭಯ ಮನೆಗೂ ಬರುತ್ತದೆ. ಗಂಡ ಟೀ ಕುಡಿಯುತ್ತ ಸುಮ್ಮನಾದರೆ "ರೀ, ರೀ" ಎನ್ನುತ್ತಾರೆ. "ಮದುವೆಯಾಗಿ ಇಷ್ಟು ವರ್ಷ ಆದ್ಮೇಲೂ ಗಂಡ ಮಾತಾಡ್ಲಿ ಅಂತ ಕಾಯೋಳು ನಮ್ಮನೆಯವಳೊಬ್ಬಳೇ" ಎಂದು ಗಂಡ ನಗುತ್ತಾರೆ. ಅಕ್ಕ ನಗುವುದಿಲ್ಲ.

ಇವತ್ತಿನ ರೋಗಿ ಡ್ರೈವಿಂಗ್ ಸ್ಕೂಲಿನ ಮೇಡಂ. ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದಾಕೆ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಗಡ್ಡೆ ಪೂರ್ತಿ ತೆಗೆದರೆ ಮತ್ತೆ ಬಾರದಿರಬಹುದು, ಕೂದಲೆಳೆಯಷ್ಟು ಹೆಚ್ಚು ತೆಗೆದರೆ ಮಾತು ಹೋಗಬಹುದು. "ಒಂದು ಕಾಲು ಬೇಕಾದ್ರೆ ತಗೊಳ್ಳಿ ಸಾರ್, ಬಾಯಿ ಮಾತ್ರ ಉಳಿಸಿ. ನಾನು ದುಡಿಯೋದೇ ಬಾಯಲ್ಲಿ" ಎಂದಿದ್ದರಂತೆ ಮೇಡಂ.

ಎಚ್ಚರಿಸಿದಾಗ ಮೇಡಂ ಕಣ್ಣು ಪಿಳುಕಿಸುತ್ತಾರೆ. ಅಕ್ಕ ಆಗಲೇ ಕಾರು ಕಲಿಯಲು ಬಂದವರಾಗಿದ್ದಾರೆ.

"ಮೇಡಂ, ಕೂತಿದೀನಿ. ಏನು ಮಾಡ್ಲಿ?"

"ಬೆಲ್ಟ್ ಹಾಕ್ಕೊಳ್ಳಿ. ಎಲ್ಲರೂ ಮರೆಯೋದು ಅದನ್ನೇ."

"ಹಾಕ್ಕೊಂಡೆ. ಕ್ಲಚ್ ಬಿಡ್ಲಾ?"

"ಗೇರೇ ಹಾಕಿಲ್ಲ, ಕ್ಲಚ್ ಬಿಡ್ತಾರಂತೆ. ಮೆಲ್ಲಗೆ. ಮಗು ಮಲಗಿಸಿ ಕೈ ತೆಗೀತೀರಲ್ಲ, ಹಾಗೆ."

ಬಟ್ಟೆಯ ಆಚೆ ಡಾಕ್ಟರ ಕೈ ಕೆಲಸ ಮಾಡುತ್ತಿದೆ. ಈಚೆ ಅಕ್ಕ ಎರಡು ಸಲ ಎಂಜಿನ್ ಆಫ್ ಮಾಡಿ ಬೈಸಿಕೊಂಡು, ಮೂರನೇ ಸಲ ಗಾಡಿ ರಸ್ತೆಗಿಳಿಸುತ್ತಾರೆ. ನರ್ಸ್ ಒಬ್ಬಳು ನಗು ತಡೆಯಲಾರದೆ ಮುಖ ತಿರುಗಿಸುತ್ತಾಳೆ.

"ಮೇಡಂ, ಮುಂದೆ ಸ್ಕೂಲು. ಮಕ್ಕಳು ದಾಟ್ತಿದಾರೆ."

ಉತ್ತರವಿಲ್ಲ.

"ನಿಂತಿತು" ಎನ್ನುತ್ತಾರೆ ಅಕ್ಕ. ಡಾಕ್ಟರ ಕೈ ತಟ್ಟನೆ ಮೇಲೇಳುತ್ತದೆ.

"ಎಲ್ಲಿ ನಿಂತಿದೆ?" ಎನ್ನುತ್ತಾರೆ ಮೇಡಂ, ಕೊಂಚ ಕೋಪದಲ್ಲಿ. "ಮಗಳನ್ನ ಇವತ್ತು ಯಾರು ಸ್ಕೂಲಿಗೆ ಬಿಟ್ರೋ ಅಂತ ಯೋಚಿಸ್ತಿದ್ದೆ. ಅವರಪ್ಪನಿಗೆ ಅವಳ ಶೂ ಎಲ್ಲಿದೆ ಅಂತಾನೂ ಗೊತ್ತಿಲ್ಲ."

ಎತ್ತಬಾರದ್ದನ್ನು ಅಕ್ಕನೇ ಎತ್ತಿದ್ದಾರೆ. ಮುಖ ಬಿಳಿಚಿಕೊಂಡಿದೆ. ಡಾಕ್ಟರು ಅದೇ ಜಾಗ ಮತ್ತೆ ಪರೀಕ್ಷಿಸಿ ಮುಂದುವರಿಯುತ್ತಾರೆ. ಆದರೆ ಇನ್ನು ಮೇಲೆ ಅಕ್ಕನ ಒಂದು ಮಾತಿಗೆ ಎಷ್ಟು ಬೆಲೆ? ಅಡ್ಡಬಟ್ಟೆಯ ಎರಡೂ ಕಡೆ ಆ ಪ್ರಶ್ನೆ ಇದೆ.

ಕೊನೆಯ ಭಾಗ. ಮೇಡಂ ದಣಿದಿದ್ದಾರೆ, ತುಟಿ ಒಣಗಿದೆ. ಅಕ್ಕ ಒದ್ದೆ ಹತ್ತಿ ಒತ್ತುತ್ತಾರೆ.

"ಹಿಂದೆ ದೊಡ್ಡ ಬಸ್ಸು ಬರ್ತಿದೆ ಮೇಡಂ. ಹಾರ್ನ್ ಹೊಡೀತಿದೆ."

"ಹೊಡೀಲಿ ಬಿಡಿ. ಅವನ ಅವಸರ ಅವನಿಗೆ. ನೀವು ನಿಮ್ಮ..."

ಮಾತು ಅಲ್ಲಿಗೆ ಕಡಿಯುತ್ತದೆ. ಕಣ್ಣು ಅಕ್ಕನ ಮೇಲೇ ಇದೆ. ತುಟಿ ಅಲುಗುವುದಿಲ್ಲ. ಬಟ್ಟೆಯ ಆಚೆಯಿಂದ ಡಾಕ್ಟರ ದನಿ, ಮೆಲ್ಲಗೆ: "ಏನಕ್ಕಾ? ದಣಿವಾ, ಯೋಚನೆಯಾ, ಇಲ್ಲಾ ನಾನಾ?"

ದಣಿವೆಂದರೆ ಅವರು ಮುಂದೆ ಹೋಗುತ್ತಾರೆ. ಅದು ತಪ್ಪಾದರೆ ಮೇಡಂ ಬಾಯಿ ಶಾಶ್ವತವಾಗಿ ಮುಚ್ಚಬಹುದು. ಅಲ್ಲವೆಂದರೆ ಕೈ ನಿಲ್ಲಿಸುತ್ತಾರೆ. ಅದು ತಪ್ಪಾದರೆ ಸುಮ್ಮಸುಮ್ಮನೆ ಗಡ್ಡೆಯ ಚೂರು ಒಳಗೇ ಉಳಿಯುತ್ತದೆ.

"ನೀವು ಸಾರ್" ಎನ್ನುತ್ತಾರೆ ಅಕ್ಕ.

ಡಾಕ್ಟರು ಅಲ್ಲಿಗೆ ನಿಲ್ಲಿಸುತ್ತಾರೆ. ಉಗುರಿನಂಚಿನಷ್ಟು ಗಡ್ಡೆ ಉಳಿದಿದೆ. ಔಷಧಿಯಲ್ಲಿ ನೋಡೋಣ, ಎನ್ನುತ್ತಾರೆ. ತಲೆ ಮುಚ್ಚುವವರೆಗೂ ಮೇಡಂ ಬಾಯಿಂದ ಒಂದಕ್ಷರ ಬರುವುದಿಲ್ಲ.

ಸಂಜೆಯೂ ಇಲ್ಲ. ಮರುದಿನ ವಾರ್ಡಿನ ಬಾಗಿಲಲ್ಲಿ ಮೇಡಂ ಗಂಡ ಅಕ್ಕನ ದಾರಿ ಕಟ್ಟುತ್ತಾರೆ. "ನೀವೇ ಅಲ್ವಾ ಪಕ್ಕದಲ್ಲಿ ಇದ್ದಿದ್ದು? ಒಳಗೆ ಅವಳು ಇದಾಳಾ, ಇಲ್ವಾ? ಅಷ್ಟು ಹೇಳಿ ಸಾಕು." ಅಕ್ಕ "ಕಾಯೋಣ ಅಣ್ಣಾ" ಎಂದು ಟ್ರಾಲಿ ತಳ್ಳಿಕೊಂಡು ಹೋಗುತ್ತಾರೆ.

"ನಾನು ಓದಿದವಳಲ್ಲ. ಮಿದುಳು ನೋಡಿದೀನಿ, ತುಂಬಾ ಸಲ. ಅದರಲ್ಲಿ ಮನುಷ್ಯ ಎಲ್ಲಿರ್ತಾನೆ ಅಂತ ಕಂಡಿಲ್ಲ. ಒಂದು ಸಲ ಡಾಕ್ಟರನ್ನೇ ಕೇಳಿದೆ. ನಾನೂ ಅದನ್ನೇ ಹುಡುಕ್ತಿದೀನಿ ಕಣಕ್ಕಾ ಅಂದ್ರು."

ಮೂರನೇ ದಿನ ಬೆಳಿಗ್ಗೆ ನರ್ಸ್ ಓಡಿಬಂದು ಕರೆಯುತ್ತಾಳೆ. ಮೇಡಂ ದಿಂಬಿಗೆ ಒರಗಿದ್ದಾರೆ, ತಲೆತುಂಬ ಬ್ಯಾಂಡೇಜು. ಮಾತು ಬಂದಿದೆ. ನಿಧಾನ, ನಡುನಡುವೆ ಒಂದು ಪದಕ್ಕೆ ತಡಕಾಟ, ಆದರೆ ಬಂದಿದೆ. ಗಂಡ ಶೂ ಹುಡುಕಲಾರದೆ ಮಗಳನ್ನು ಚಪ್ಪಲಿಯಲ್ಲೇ ಸ್ಕೂಲಿಗೆ ಕಳಿಸಿದ್ದಕ್ಕೆ ಆಗಲೇ ಒಂದು ಸುತ್ತು ಬೈಗುಳ ಆಗಿದೆ. ಗಂಡ ಬೈಸಿಕೊಳ್ಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಅಕ್ಕ ಮಂಚದ ಪಕ್ಕ ಬಗ್ಗುತ್ತಾರೆ. ಎರಡು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇ ಬಿಡುತ್ತಾರೆ. "ಮೇಡಂ, ಬಸ್ಸು ಬಂತು ಅಂದಾಗ ಸುಮ್ಮನಾಗ್ಬಿಟ್ರಲ್ಲ. ಯಾಕೆ? ಸುಸ್ತಾಗಿತ್ತಾ?"

ಮೇಡಂ ಅವರನ್ನೇ ನೋಡುತ್ತಾರೆ. "ನಾನೆಲ್ಲಿ ಸುಮ್ಮನಾದೆ? ಹೇಳ್ತಾನೇ ಇದ್ದೆನಲ್ಲ. ಎಡಕ್ಕೆ ತಗೊಳ್ಳಿ, ಎಡಕ್ಕೆ ತಗೊಳ್ಳಿ, ಅವನಿಗೆ ದಾರಿ ಬಿಡಿ ಅಂತ. ಎಷ್ಟು ಸಲ ಹೇಳಿದೆ. ನೀವು ಕೇಳಿಸ್ಕೊಳ್ಳಲೇ ಇಲ್ಲ."

ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ. ತಾನು ಹೇಳಿದ್ದು ಸರಿಯಿತ್ತು. ದಣಿವಲ್ಲ, ಯೋಚನೆಯಲ್ಲ. ಆ ನೆಮ್ಮದಿ ಮುಖದಲ್ಲಿ ನಿಲ್ಲುವುದಿಲ್ಲ.

"ಹನ್ನೊಂದು ವರ್ಷದಿಂದ 'ನಿಂತಿತು' ಅಂತಿದೀನಿ. ಅವರೆದುರಿಗೇ, ಮುಖ ನೋಡ್ಕೊಂಡೇ ಅಂತಿದೀನಿ. ಎಷ್ಟು ಜನ ಒಳಗೆ ಹೇಳ್ತಾನೇ ಇದ್ರೋ. ಇವಳಿಗೆ ಕಿವಿ ಕೇಳಲ್ವಾ ಅಂದ್ಕೊಂಡಿರ್ಬೇಕು."

ಅವರಿಗೆ ದೊಡ್ಡ ಆಸೆಗಳಿಲ್ಲ. ಡಾಕ್ಟರ ಬಳಿ ಒಂದೇ ಒಂದು ಅನುಮತಿ ಕೇಳಿದ್ದಾರೆ. ಇನ್ನು ಮೇಲೆ ಬಾಯಲ್ಲಿ "ನಿಂತಿತು" ಅನ್ನುವುದಿಲ್ಲ, ಅಡ್ಡಬಟ್ಟೆಯ ಮೇಲಿಂದ ಡಾಕ್ಟರಿಗೆ ಕಾಣುವಂತೆ ಕೈಯೆತ್ತುತ್ತಾರೆ. ಡಾಕ್ಟರು ಒಪ್ಪಿದ್ದಾರೆ.

"ನನ್ನ ಬಾಯಿ ಮಲಗಿದವರಿಗೆ ಬೇಕಲ್ಲ" ಎನ್ನುತ್ತಾರೆ ಅಕ್ಕ, ಮುಂದಿನ ರೋಗಿಯನ್ನು ನೋಡಲು ಏಳುತ್ತ. "ಮಾತು ಬರ್ದೇ ಇದ್ದಾಗ್ಲೂ ನಾನು ಹೂಂ, ಹೂಂ ಅಂತಿರ್ತೀನಿ. ಒಳಗೆ ಹೇಳ್ತಿರೋರಿಗೆ ಕೇಳೋರು ಒಬ್ಬರು ಇದಾರೆ ಅಂತಾದ್ರೂ ಅನ್ನಿಸ್ಲಿ."